ಮಾತು ಕಲಿಸಿದವನು

ಮಾಲುಪೋನಿಗೆ ಮಾತು ಕಲಿಸಿದವನು ಫೊಲಾಸ. ತೀರಿಹೋದ ಅಣ್ಣನ ಮಗನನ್ನು ಮನೆಗೆ ತಂದುಕೊಂಡು ಹನ್ನೆರಡು ವರ್ಷ ತಿದ್ದಿದ್ದ. ಸಭೆಯಲ್ಲಿ ದನಿ ಎಲ್ಲಿ ಇಳಿಸಬೇಕು, ಎಷ್ಟು ಹೊತ್ತು ಸುಮ್ಮನಿದ್ದರೆ ಜನ ತಾವಾಗಿ ಮುಂದಕ್ಕೆ ಬಾಗುತ್ತಾರೆ, ಎಲ್ಲವನ್ನೂ. ಫೊಲಾಸ ಊರಿನ ಮಾತುಗಾರ. ಹೆಗಲ ಮೇಲೆ ನಾರಿನ ಚಾಮರ, ಕೈಯಲ್ಲಿ ಕೋಲು. ಸಮೋವ ದ್ವೀಪಗಳ ಯಾವ ಸಭೆಯೂ ಅಂಥವನ ಬಾಯಿಲ್ಲದೆ ನಡೆಯುತ್ತಿರಲಿಲ್ಲ.

ಕಲಿತವನು ಕಲಿಸಿದವನನ್ನು ಮೀರಿದ. ಪರದೇಶಿ ಗವರ್ನರು ತಲೆಗಂದಾಯ ಹೇರಿದಾಗ ಮಾಲುಪೋ ಮೂವತ್ತು ಊರುಗಳನ್ನು ಬರೀ ಮಾತಿನಲ್ಲಿ ಒಂದುಗೂಡಿಸಿದ. ಹೋದ ಊರಿನಲ್ಲೆಲ್ಲ ಮುದುಕಿಯರನ್ನು ಹೆಸರು ಹಿಡಿದು ಕರೆಯುತ್ತಿದ್ದ. ಅವರ ಮಾತು ಮುಗಿಯುವತನಕ ಕೇಳುತ್ತಿದ್ದ. “ಬಿಳಿಯರ ಅಂಗಡಿಗೆ ಕೊಬ್ಬರಿ ಹಾಕಬೇಡಿ” ಎಂದ, ಯಾರೂ ಹಾಕಲಿಲ್ಲ. ಕೊಬ್ಬರಿ ಗೂಡುಗಳಲ್ಲೇ ಮುಗ್ಗಿಹೋಯಿತು. ಕಂದಾಯ ಕಟ್ಟದೆ ಜನ ಹಾಡುತ್ತ ಜೈಲಿಗೆ ಹೋದರು.

ಆ ವರ್ಷ ಮಕ್ಕಳಿಗೆ ಜ್ವರ ಬಂತು. ಔಷಧಿ ಇದ್ದದ್ದು ಅಂಗಡಿಯಲ್ಲಿ. ಅಂಗಡಿಯವನು ಅದರ ಬದಲಿಗೆ ಕೊಬ್ಬರಿ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಫೊಲಾಸನ ಅಳಿಯ ಪೆಸಮಿನೊ ಎರಡು ಬುಟ್ಟಿ ಕೊಬ್ಬರಿ ಹೊತ್ತು ಹೋಗಿ ಒಂದು ಸೀಸೆ ತಂದ. ಅವನ ಮಗು ಉಳಿಯಿತು. ಅವನು ಹೋದದ್ದನ್ನು ಊರು ನೋಡಿತ್ತು.

“ಮಾಲುಪೋ ಅಣ್ಣ ನಮ್ಮನೇಲೇ ಉಂಡು ಬೆಳೆದವನು. ನೀನು ಹೋದ್ರೆ ಕೇಳ್ದೆ ಇರ್ತಾನಾ ಅಪ್ಪ?” ಎಂದಳು ಮಗಳು ತಾಲಿಗಿ.

“ಕೇಳ್ತಾನೆ. ಚಾಪೆ ಹೊದ್ದು ಕೂತೋರನ್ನ ಯಾರೂ ಹಾಗೇ ಬಿಟ್ಟಿಲ್ಲ ಕಣೇ” ಎಂದ ಫೊಲಾಸ.

ಅದು ಹಿರಿಯರ ಕಾಲದಿಂದ ನಡೆದುಬಂದದ್ದು. ತಪ್ಪು ಮಾಡಿದವರು ಬೆಳಗಾಗುವಾಗ ನೊಂದವರ ಮನೆ ಮುಂದೆ ನಯವಾದ ಚಾಪೆ ಹೊದ್ದು ತಲೆಬಾಗಿ ಕೂರಬೇಕು. ಅವರು ಬಂದು ಚಾಪೆ ಎತ್ತಿದರೆ ತಪ್ಪು ತೀರಿತು.

ಮಾವ, ಅಳಿಯ ಮಾಲುಪೋನ ಮನೆ ಮುಂದೆ ಒಂದೇ ಚಾಪೆಯ ಕೆಳಗೆ ಕೂತರು. ಬಿಸಿಲೇರಿತು, ಜನ ನೆರೆದರು. ಕೊನೆಗೆ ಮಾಲುಪೋನ ದನಿ ಕೇಳಿಸಿತು. ಮೊದಲು ಫೊಲಾಸನ ಮನೆತನವನ್ನು ಹೊಗಳಿದ. ತಾನು ಆ ಮನೆಯಲ್ಲಿ ತಿಂದ ಕೆಸುವಿನ ಗೆಡ್ಡೆಯ ರುಚಿ ನೆನೆದ. ಹೆಂಗಸರು ಮೂಗೊರೆಸಿಕೊಳ್ಳುವುದು ಚಾಪೆಯೊಳಗೂ ಕೇಳಿಸಿತು.

“ಇನ್ನೇನು ಎತ್ತುತ್ತಾನೆ” ಎಂದು ಫೊಲಾಸ ಪಿಸುಗುಟ್ಟಿದ.

ಮಾಲುಪೋ ಮಾತು ನಿಲ್ಲಿಸಿದ. ಆ ಮೌನ ಫೊಲಾಸ ಹೇಳಿಕೊಟ್ಟದ್ದಕ್ಕಿಂತ ಉದ್ದವಾಯಿತು.

“ಇದನ್ನ ಎತ್ತೋಕೆ ನನ್ನ ಕೈ ತುಡೀತಿದೆ. ನನ್ನ ರಕ್ತ ಅಲ್ವಾ ಒಳಗೆ ಕೂತಿರೋದು. ಅದಕ್ಕೇ ನಾನು ಎತ್ತಬಾರದು. ಫಿಯಾಪೈಪೈ, ಬಾ ತಾಯಿ. ನಿನ್ನ ಗಂಡ ಜೈಲಲ್ಲಿ ಸತ್ತ. ನಿನ್ನ ಕೂಸಿಗೂ ಜ್ವರ ಬಂದಿತ್ತು. ನೀನು ಕೊಬ್ಬರಿ ಮಾರಲಿಲ್ಲ. ಕೂಸನ್ನ ಮಣ್ಣು ಮಾಡಿದೆ. ನೀನು ಎತ್ತಿದ್ರೆ ನನಗೆ ಒಪ್ಪಿಗೆ.”

ಚಾಪೆಯ ಅಂಚಿನಡಿ ಒಡೆದ ಹಿಮ್ಮಡಿಯ ಎರಡು ಪಾದ ಬಂದು ನಿಂತವು. ಪೆಸಮಿನೊ ಆ ಪಾದಗಳತ್ತ ಕೈ ಚಾಚಿದ. ಅವು ಹಿಂದೆ ಸರಿದು ಹೊರಟುಹೋದವು.

ನಡು ಮಧ್ಯಾಹ್ನಕ್ಕೆ ಪೆಸಮಿನೊ ಬಿಸಿಲಿಗೆ ಎಚ್ಚರ ತಪ್ಪಿ ಮಗ್ಗುಲಿಗೆ ವಾಲಿದ. ಜನ ಉಣ್ಣಲು ಹೋಗಿದ್ದರು. ಮಾಲುಪೋ ಒಬ್ಬನೇ ಬಂದು ಕುಕ್ಕರುಗಾಲಲ್ಲಿ ಕೂತ.

“ಚಿಕ್ಕಪ್ಪ, ನಿಮ್ಮ ಮಂಡಿ ನೋವು ನಂಗೊತ್ತು. ಎದ್ದು ಬನ್ನಿ. ನೀವೊಬ್ಬರೇ.”

“ನೀನೇ ಬೇಡ ಅನ್ನಬಹುದಿತ್ತು. ಆ ಹೆಂಗಸನ್ನ ಯಾಕೋ ಎಳೆದೆ?”

“ನಾನು ಬೇಡ ಅಂದ್ರೆ ಕಲ್ಲೆದೆಯೋನು ಅಂತಾರೆ. ಅವಳು ಬೇಡ ಅಂದ್ರೆ ನ್ಯಾಯ ಅಂತಾರೆ. ಕಹಿ ಮಾತನ್ನ ಇನ್ನೊಬ್ಬರ ಬಾಯಲ್ಲಿ ಆಡಿಸು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ?” ಅವನ ದನಿಯಲ್ಲಿ ಕೋಪವಿರಲಿಲ್ಲ. “ಇವನನ್ನ ಊರು ಬಿಡಿಸಬೇಕು. ಆ ಮಾತು ನೀವೇ ಆಡಿ. ನೀವು ಆಡಿದ್ರೆ ದೋಣಿ ಕೊಡ್ತೀನಿ, ಮೂವರೂ ಜೀವಸಹಿತ ಹೋಗ್ತಾರೆ. ಬೇರೆಯವರು ಆಡಿದ್ರೆ ಹುಡುಗರು ಮನೆಗೆ ಬೆಂಕಿ ಇಡ್ತಾರೆ. ನಾನು ತಡೆಯೋಕಾಗಲ್ಲ.”

“ನೀನು ತಡೆಯಬಲ್ಲೆ.”

“ಬಲ್ಲೆ” ಎಂದ ಮಾಲುಪೋ. “ತಡೆಯಲ್ಲ.”

ಫೊಲಾಸ ಕೈಯೂರಿ ಎದ್ದ.

ಜನ ಮತ್ತೆ ಸೇರಿದಾಗ ಅವನು ಕೋಲು ನೆಟ್ಟು ನಿಂತ. ತೊದಲಬೇಕು, ಕೆಟ್ಟದಾಗಿ ಮಾತಾಡಬೇಕು ಎಂದುಕೊಂಡಿದ್ದ. ನಾಲಿಗೆ ಕೇಳಲಿಲ್ಲ. ಐವತ್ತು ವರ್ಷ ಪಳಗಿದ ನಾಲಿಗೆ ಅದು. ಎರಡು ಬುಟ್ಟಿ ಕೊಬ್ಬರಿಗೆ ಒಂದು ದೇಶ ಹೇಗೆ ಸೋರಿಹೋಗುತ್ತದೆ ಎಂದು ಹೇಳಿದ. ತನ್ನ ಕರುಳನ್ನೇ ಕಿತ್ತು ಹೊರಗೆಸೆಯುತ್ತಿದ್ದೇನೆ ಎಂದ. ಗಂಡಸರೂ ಅತ್ತರು. ಅವನು ಬಾಳಿನಲ್ಲಿ ಅಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ. ಮಾತಾಡುತ್ತಿರುವಾಗಲೇ ಅದು ಅವನಿಗೆ ಗೊತ್ತಾಗುತ್ತಿತ್ತು, ಗೊತ್ತಾಗಿ ಒಂದು ಗಳಿಗೆ ಎದೆ ಉಬ್ಬಿತ್ತು.

ದಂಡೆಯಲ್ಲಿ ಇಬ್ಬರು ಪೆಸಮಿನೊನನ್ನು ಎತ್ತಿ ದೋಣಿಯಲ್ಲಿ ಮಲಗಿಸಿದರು. ತಾಲಿಗಿ ಮಗುವನ್ನು ಸೊಂಟಕ್ಕೇರಿಸಿಕೊಂಡು ನೀರಿಗಿಳಿದಳು. ಫೊಲಾಸ ಮೊಮ್ಮಗಳ ತಲೆ ಮುಟ್ಟಲು ಕೈ ನೀಡಿದ. ತಾಲಿಗಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿದಳು.

“ಚೆನ್ನಾಗಿ ಮಾತಾಡಿದೆ ಅಪ್ಪ” ಎಂದಳು. “ನನಗೇ ನನ್ನ ಗಂಡನ ಮೇಲೆ ಸಿಟ್ಟು ಬಂತು.”

ದೋಣಿ ಹವಳದ ದಿಬ್ಬ ದಾಟಿತು. ಗವರ್ನರು ಹಡಗು ಹತ್ತಿ ದೇಶ ಬಿಡುವವರೆಗೂ, ಅಂದರೆ ಇನ್ನೂ ನಾಲ್ಕು ವರ್ಷ, ಮೂವತ್ತು ಊರುಗಳಿಂದ ಒಂದು ಹೋಳು ಕೊಬ್ಬರಿಯೂ ಅಂಗಡಿಗೆ ಹೋಗಲಿಲ್ಲ. ಜ್ವರಕ್ಕೆ ಇನ್ನೆಷ್ಟೋ ಮಕ್ಕಳು ಹೋದವು.

ದೋಣಿ ಹೋದ ದಿನವೇ ಸಂಜೆ ಮಾಲುಪೋನ ಮನೆಯಿಂದ ಬಾಳೆಲೆಯಲ್ಲಿ ಕಟ್ಟಿದ ಹಂದಿಮಾಂಸ ಬಂತು, ಸಭೆಯ ಮಾತುಗಾರನಿಗೆ ಸಲ್ಲುವ ಪಾಲು. ಫೊಲಾಸ ಬೆಳಗಿನಿಂದ ಏನೂ ತಿಂದಿರಲಿಲ್ಲ. ಎಲೆ ಬಿಚ್ಚಿ, ಅಷ್ಟನ್ನೂ ತಿಂದ.