ಎಂಜಿನ್ ನಿಲ್ಲುವ ಜಾಗ

ನಾನು ಹುಟ್ಟಿದ್ದು ಸೋಂಗ್-ಕೋಲ್ ದಂಡೆಯಲ್ಲಿ; ಅದು ದೇವರು ಮಾಡಿದ ಸರೋವರ. ಅದರಡಿ ಯಾರ ಮನೆಯೂ ಇಲ್ಲ. ಈಗ ನಾನಿರುವುದು ಮನುಷ್ಯರು ಮಾಡಿದ ಜಲಾಶಯದ ದಂಡೆಯಲ್ಲಿ, ನೀರಿನ ಮಟ್ಟ ಬರೆದಿಡುತ್ತ, ಒಬ್ಬಳೇ. ಶುಕ್ರವಾರ ಜುಮಾಕಾದಿರ್ ಅಜ್ಜ ದೋಣಿಯಲ್ಲಿ ರೊಟ್ಟಿ ತರುತ್ತಾನೆ. ಬರುವಾಗ ನಡುನೀರಿನಲ್ಲಿ ಎಂಜಿನ್ ನಿಲ್ಲಿಸಿ, ಅಂಗೈ ಎತ್ತಿ ದುವಾ ಮಾಡಿ, ಮುಖ ಸವರಿಕೊಳ್ಳುತ್ತಾನೆ. ಮುಳುಗಿದ ಅವನ ಊರಿನಲ್ಲಿ ಹೆಂಡತಿ ಬಾತ್ಮಾಕಾನಳ ಗೋರಿಯಿದೆ. ಎರಡು ಶಿಖರಗಳನ್ನು ನೋಡಿ ಆ ಜಾಗದ ಗುರುತು ಹಿಡಿದಿದ್ದ.

ಈ ವಸಂತದಲ್ಲಿ ನೀರು ಹಿಂದೆಂದೂ ಇಲ್ಲದಷ್ಟು ಇಳಿಯಿತು. ಆ ಜಾಗದಲ್ಲಿ ಕೆಸರಿನಿಂದ ಎದ್ದದ್ದು ಗೋರಿಯಲ್ಲ, ಕುರಿಗಳನ್ನು ಔಷಧಿ ನೀರಿನಲ್ಲಿ ಅದ್ದುತ್ತಿದ್ದ ಸಿಮೆಂಟ್ ತೊಟ್ಟಿ. ಗೋರಿಗಳು ಮೈಲಿಯಾಚೆ, ಗುಡ್ಡದ ಬುಡದಲ್ಲಿದ್ದವು.

"ಮೂವತ್ತು ವರ್ಷ ಕುರಿತೊಟ್ಟಿಗೆ ದುವಾ ಮಾಡಿದ್ಯಲ್ಲ ಅಜ್ಜ!" ಎಂದು ನಕ್ಕುಬಿಟ್ಟೆ. ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ. ಅಜ್ಜ ರೊಟ್ಟಿ ಇಟ್ಟು ಹೋದ.

ಬೇಸಿಗೆಯಲ್ಲಿ ಹಿಮ ಕರಗಿ ತೊಟ್ಟಿಯೂ ಗೋರಿಗಳೂ ಮತ್ತೆ ಮುಳುಗಿದವು. ಒಂದು ಶುಕ್ರವಾರ ನಾನೂ ಅವನ ದೋಣಿ ಹತ್ತಿದೆ. ಎಂಜಿನ್ ನಿಂತದ್ದು ಅದೇ ಹಳೆಯ ಜಾಗದಲ್ಲಿ.

"ಗೋರಿ ಆ ಕಡೆ ಅಲ್ವಾ ಅಜ್ಜ?" ಈ ಸಲ ಮೆಲ್ಲಗೆ ಕೇಳಿದೆ.

"ಗೊತ್ತು ಕಣಮ್ಮ. ಆದ್ರೆ ಇಷ್ಟು ವರ್ಷ ನಾನು ಕರೆದಿದ್ದು ಇಲ್ಲಿಂದ. ಕೇಳಿಸಿದ್ರೆ ಅವಳು ಎದ್ದು ಇಲ್ಲಿಗೇ ಬಂದಿರ್ತಾಳೆ. ಈಗ ನಾನು ಅಲ್ಲಿಗೆ ಹೋಗ್ಬಿಟ್ರೆ, ಇಲ್ಲಿ ಅವಳೊಬ್ಬಳೇ ಆಗ್ಬಿಡ್ತಾಳೆ."