ಹಾರೆ ಬೇಡ ಸ್ವಾಮಿ

ಕೊಕ್ಕಡದಿಂದ ಬೆಳ್ತಂಗಡಿಗೆ ಹೊರಟ ಪೂವಮ್ಮ ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡುತ್ತಿದ್ದಳು: "ನನಗೆ ಹಾರೆ ಬೇಡ ಸ್ವಾಮಿ." ತುಳು ಬಿಟ್ಟು ಬೇರೆ ಮಾತಾಡಿ ಅವಳಿಗೆ ಅಭ್ಯಾಸವಿಲ್ಲ. ಬ್ಲಾಕ್ ಆಫೀಸಿನಲ್ಲಿ ಕನ್ನಡ ಬೇಕು. ಅದೂ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ಹೊಸ ಆಫೀಸರು ಆ ಕಡೆಯವರಂತೆ. ಮಾತು ತಪ್ಪಿದರೆ ಕೆಲಸ ಕೆಟ್ಟಿತು.

ಕೆಡಬಾರದ ಕೆಲಸವೇ ಅದು. ಸರಕಾರ ಅವಳ ಗಂಡ ಲೋಕಯ್ಯನಿಗೆ ಗುಡ್ಡೆಯಲ್ಲಿ ಒಂದು ಎಕ್ರೆ ಜಾಗ ಕೊಟ್ಟಿತ್ತು. ಮಳೆಗಾಲಕ್ಕೆ ಮೊದಲು ಗೇರುಗಿಡಕ್ಕೆ ಇಪ್ಪತ್ತೈದು ಹೊಂಡ ತೆಗೆದಿರಬೇಕು, ಇಲ್ಲವಾದರೆ ಜಾಗ ಪಟ್ಟಿಯಲ್ಲಿರುವ ಮುಂದಿನವರಿಗೆ. ಈ ಕಾಗದ ಬಂದ ವಾರದಲ್ಲೇ ಲೋಕಯ್ಯ ಮರದಿಂದ ಬಿದ್ದು, ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಚಾಪೆ ಹಿಡಿದ. "ಬಿಡು, ನಮಗೆ ಆ ಜಾಗದ ಋಣವಿಲ್ಲ," ಎಂದ. ಪೂವಮ್ಮ ಬಿಡುವ ಪೈಕಿಯವಳಲ್ಲ.

ಗುಡ್ಡೆಯಲ್ಲಿ ಮಣ್ಣು ಒಂದೇ ಗೇಣು, ಕೆಳಗೆಲ್ಲ ಮುರಕಲ್ಲು. ಮೊದಲು ಮನೆಯ ಹಾರೆ ಹಿಡಿದಳು. ಮರದ ಹಿಡಿಯ, ಅಗಲ ತಗಡಿನ ಆ ಹಾರೆ ಗದ್ದೆಯ ಮಣ್ಣೆಳೆಯಲು ಸರಿ. ಕಲ್ಲಿಗೆ ತಾಗಿದ್ದೇ ಬಾಯಿ ಮಡಚಿಕೊಂಡಿತು. ಪಿಕ್ಕಾಸು ಬೇಡಿ ತಂದಳು. ಅದರ ಮೂತಿ ಕಲ್ಲಿನ ಸಂದಿಯಲ್ಲಿ ಸಿಕ್ಕಿ, ಎಳೆದಾಗ ಹಿಡಿಯೇ ಮುರಿಯಿತು. ಕೊನೆಗೆ ನೆರೆಮನೆಯ ಹುಕ್ರಪ್ಪನ ಪಾರೆಂಗಿ ಒಂದು ಮಧ್ಯಾಹ್ನದ ಮಟ್ಟಿಗೆ ಸಿಕ್ಕಿತು. ಎದೆಯೆತ್ತರದ ಆ ಕಬ್ಬಿಣದ ಸರಳನ್ನು ಎತ್ತಿ ಅದರ ಭಾರಕ್ಕೇ ಬಿಟ್ಟರೆ ಮೊನೆ ಇಳಿಯುತ್ತಿತ್ತು. ಮೀಟಿದರೆ ಕಲ್ಲು ಹಲಗೆಯಂತೆ ಏಳುತ್ತಿತ್ತು. ಬೇಕಾದ್ದು ಇದೇ ಎಂದು ಅವಳಿಗೆ ಅಂದೇ ಗಟ್ಟಿಯಾಯಿತು. ಮರುದಿನ ಹುಕ್ರಪ್ಪ ಅದನ್ನು ಹೊತ್ತು ದೂರದ ಬಾವಿ ಕೆಲಸಕ್ಕೆ ಹೋದ.

ಅಷ್ಟರಲ್ಲಿ, ಜಾಗ ಸಿಕ್ಕಿದವರಿಗೆ ಬ್ಲಾಕ್ ಆಫೀಸಿನಲ್ಲಿ ಮನೆಗೊಂದು ಸಾಮಾನು ಧರ್ಮಕ್ಕೆ ಕೊಡುತ್ತಾರೆಂದು ಸುದ್ದಿ ಬಂತು. ಹೆಂಗಸರು ಹೋದರೆ ಕೇಳದೆಯೇ ಹಾರೆ ಕೊಟ್ಟು ಕಳಿಸುತ್ತಾರಂತೆ. ಬಾಯಿಪಾಠ ಅದಕ್ಕೇ.

ಆಫೀಸರು ಪುಸ್ತಕದಿಂದ ತಲೆಯೆತ್ತದೆ ಕೇಳಿದರು, "ಹಾರೆ ಬೇಕೋ, ಗುದ್ದಲಿ ಬೇಕೋ?"

"ನನಗೆ ಹಾರೆ ಬೇಡ ಸ್ವಾಮಿ," ಎಂದಳು ಪೂವಮ್ಮ, ಒಂದಕ್ಷರ ತಪ್ಪದೆ. ಗುದ್ದಲಿಯೆಂಬ ಮಾತು ಅವಳು ಕೇಳಿದ್ದು ಇದೇ ಮೊದಲು. ಗುದ್ದುವಂಥದ್ದು ತಾನೇ, ಹಾಗಾದರೆ ಪಾರೆಂಗಿಯೇ ಇರಬೇಕು. "ಗುದ್ದಲಿಯೇ ಕೊಡಿ."

ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ ಜವಾನ ಅವಳ ಕೈಗಿಟ್ಟದ್ದು ಮರದ ಹಿಡಿಯ ಹೊಸ ಹಾರೆ.

"ಇದು ಬೇಡ ಅಂತ ಹೇಳಿದ್ದಲ್ಲವಾ ನಾನು?"

"ನೀವೇ ಕೇಳಿದ್ದಲ್ಲವೇನಮ್ಮ?" ಎಂದರು ಆಫೀಸರು. "ಮುಂದಿನವರು ಬನ್ನಿ."

ಹಿಂದೆ ನಿಂತಿದ್ದ ಚನಿಯಪ್ಪನೆಂಬವನು ಗೊಣಗಿದ, "ಸಿಕ್ಕಿದ್ದು ತಕೊಂಡು ಹೋಗು ಮಾರಾಯ್ತಿ, ಬಿಸಿಲು ಏರ್ತಾ ಉಂಟು."

ಪೂವಮ್ಮನಿಗೆ ಅಳು ಬಂತು, ಸಿಟ್ಟೂ ಬಂತು; ಎರಡರಲ್ಲಿ ಸಿಟ್ಟೇ ಮುಂದಾಯಿತು. ಅಂಗಳದಲ್ಲಿ ಮುರಕಲ್ಲು ಎದ್ದು ಕಾಣುವಲ್ಲಿಗೆ ಹೋಗಿ ಹಾರೆಯನ್ನು ಬೀಸಿ ಹೊಡೆದಳು. ಠಣ್ ಎಂದಿತು. ಮತ್ತೆ ಹೊಡೆದಳು. ಆಫೀಸರು ಪೆನ್ನು ಬಿಟ್ಟು ಓಡಿಬಂದರು.

"ಸರ್ಕಾರಿ ಸಾಮಾನಮ್ಮ ಅದು. ಏನು ಮಾಡ್ತಿದ್ದೀರಿ?"

"ನನ್ನ ಗುಡ್ಡೆಯೂ ಹೀಗೆಯೇ ಸ್ವಾಮಿ. ಇದರಲ್ಲಿ ಒಂದು ಹೊಂಡ ನೀವು ತೆಗೆದು ತೋರಿಸಿ. ನಾನು ಮಾತಾಡದೆ ಹೋಗ್ತೇನೆ."

ಆಫೀಸರು ಒಳ್ಳೆಯ ಮನುಷ್ಯ. ಅಂಗಿಯ ತೋಳು ಮಡಚಿ ನಿಜಕ್ಕೂ ನಾಲ್ಕು ಏಟು ಹಾಕಿದರು. ಕೆಂಪು ಪುಡಿ ಬಿಟ್ಟರೆ ಏನೂ ಏಳಲಿಲ್ಲ. ಏದುಸಿರು ಬಿಡುತ್ತ, ಗೋಡೆಗೆ ಒರಗಿಸಿದ್ದ ಕಬ್ಬಿಣದ ಸರಳಿನತ್ತ ಕೈ ತೋರಿಸಿದರು. "ಇದಕ್ಕೆ ಹಾರೆಯೇ ಆಗಬೇಕು. ನೀವು ಅದನ್ನ ಬೇಡ ಅಂದ್ರಲ್ಲ."

ಪೂವಮ್ಮ ಸರಳನ್ನು ನೋಡಿದಳು, ಆಫೀಸರನ್ನು ನೋಡಿದಳು. "ನಿಮ್ಮ ಊರಿನಲ್ಲಿ ಪಾರೆಂಗಿಗೆ ಹಾರೆ ಅಂತ ಹೇಳುವುದಾ?"

ಸಾಲಿಗೆ ಸಾಲೇ ನಕ್ಕಿತು. ಆಫೀಸರಿಗೂ ನಗು ಬಂತು, ಆದರೆ ಒಳಗೆ ಬಂದು ಪುಸ್ತಕ ನೋಡಿದಾಗ ಮುಖ ಸಣ್ಣದಾಯಿತು. "ಹೆಬ್ಬೆಟ್ಟು ಬಿದ್ದುಬಿಟ್ಟಿದೆಯಮ್ಮ. ಅಳಿಸೋ ಹಾಗಿಲ್ಲ."

"ಅಳಿಸುವುದು ಬೇಡ. ಇನ್ನೊಂದು ಉಂಟು," ಎಂದು ಪೂವಮ್ಮ ಬಲಗೈ ಹೆಬ್ಬೆಟ್ಟನ್ನು ಚಾಚಿದಳು.

ಗುದ್ದಲಿ ವಾಪಸು, ಹಾರೆ ಒಂದು ಎಂದು ಕೆಳಗಿನ ಸಾಲಿನಲ್ಲಿ ಬರೆದು, ಆಫೀಸರು ಅದರ ಮುಂದೆ ಆ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡರು.

ದಿನಕ್ಕೊಂದು ಹೊಂಡವೆಂದು ಪೂವಮ್ಮ ಹಟ ಹಿಡಿದಳು. ಅಂಗೈ ಬಿರಿದ ದಿನ ಅರ್ಧವೇ ಆಯಿತು. ಮರುದಿನ ಬಟ್ಟೆ ಸುತ್ತಿಕೊಂಡು ಒಂದೂವರೆ ತೆಗೆದಳು. ಮಳೆ ಹಿಡಿಯಲು ನಾಲ್ಕು ದಿನವಿರುವಾಗ ಆಫೀಸರು ಗುಡ್ಡೆ ಹತ್ತಿ ಬಂದು ಹೊಂಡಗಳನ್ನು ಎಣಿಸಿದರು. ಇಪ್ಪತ್ತೈದು ಇತ್ತು. ಲೋಕಯ್ಯನೂ ಕೋಲೂರಿಕೊಂಡು ಬಂದು ಕಲ್ಲೊಂದರ ಮೇಲೆ ಕುಳಿತಿದ್ದ.

"ಜಾಗ ಖಾಯಂ ಮಾಡೋಕೆ ಬರೀತೀನಿ ಲೋಕಯ್ಯನೋರೆ," ಎಂದರು ಆಫೀಸರು. "ಹೆಸರು ನಿಮ್ಮದೇ ತಾನೇ?"

ಲೋಕಯ್ಯ ಹತ್ತಿರದ ಹೊಂಡದೊಳಗೆ ಒಂದು ಗಳಿಗೆ ನೋಡಿದ.

"ಇದರಲ್ಲಿ ನಾನು ತೆಗೆದ ಹೊಂಡ ಒಂದೂ ಇಲ್ಲ ಸ್ವಾಮಿ. ಪೂವಮ್ಮ ಅಂತ ಬರೆಯಿರಿ."

ಪಕ್ಕದಲ್ಲಿ ನಿಂತಿದ್ದ ಪೂವಮ್ಮ ಮಣ್ಣಾಗಿದ್ದ ಎರಡೂ ಹೆಬ್ಬೆಟ್ಟುಗಳನ್ನು ಸೆರಗಿಗೆ ಒರೆಸಿಕೊಂಡಳು.