ಕರಿಚಾನ್ ಕುಲ

“ಇವಳು ನಿವೇತಾ, ನನ್ನ ಮಾವನ ಮಗಳು. ಈ ಆಟಕ್ಕೆ ಹೊಸಬಳು. ಇವಳಿಗೆ ಅರ್ಥವಾದರೆ ಯಾರಿಗೆ ಬೇಕಾದರೂ ಅರ್ಥವಾಗುತ್ತೆ,” ಎಂದು ಪ್ರೇಮ್ ಕುಮಾರ್ ತಮಿಳಿನಲ್ಲಿ ಹೇಳಿದ್ದೇ ತಡ, ಹೊಸ ಆಟದ ಬಿಡುಗಡೆಗೆಂದು ಸಭಾಂಗಣದಲ್ಲಿ ಸೇರಿದ್ದವರೆಲ್ಲ ನಕ್ಕರು. ನಿವೇತಾಳೂ ನಕ್ಕಳು. ಬಾವ ಚೇಷ್ಟೆ ಮಾಡುತ್ತಿದ್ದಾನೆ, ಇನ್ನೇನು ನಿಜ ಹೇಳಿಬಿಡುತ್ತಾನೆ ಎಂದುಕೊಂಡಳು.

ಅವನು ಹೇಳಲಿಲ್ಲ. ಹೆಬ್ಬೆರಳುದ್ದದ ಬೊಂಬೆಯೊಂದನ್ನು ಅವಳ ಮುಂದಿಟ್ಟ. ಮನುಷ್ಯರ ಮೈ, ಹಕ್ಕಿಯ ಕೊಕ್ಕು, ಕರಿ ರೆಕ್ಕೆ, ಸೀಳಿದ ಬಾಲ. “ಇದು ಕರಿಚಾನ್ ಕುಲ. ಆಡುವವರು ಒಂದೊಂದು ಕುಲ ಆರಿಸಿಕೊಂಡು ಆ ಪಾತ್ರವೇ ಆಗಿಬಿಡಬೇಕು. ಎಲ್ಲದರಲ್ಲೂ ಇದು ನನ್ನ ಮುದ್ದಿನ ಕುಲ. ನಿದ್ದೆಗೆಟ್ಟು ಕಟ್ಟಿದ್ದೇನೆ,” ಎಂದ.

ನಿದ್ದೆಯ ಮಾತು ಬೇರೆ! ಅಜ್ಜಿ ಕಮಲಾತಾಳ್ ರಾಟೆಯಲ್ಲಿ ನೂಲು ಸುತ್ತುತ್ತ ಮೊಮ್ಮಕ್ಕಳಿಬ್ಬರಿಗೂ ಕರಿಚಾನ್, ಅಂದರೆ ಕಾಜಾಣ ಹಕ್ಕಿಯ ಕಥೆ ಹೇಳುತ್ತಿದ್ದಾಗ, ಅರ್ಧಕ್ಕೇ ಗೊರಕೆ ಹೊಡೆಯುತ್ತಿದ್ದವನು ಇವನು. ಗಿಡುಗನ ಹಾಗೆ ಕೂಗಿ ಬೇರೆ ಹಕ್ಕಿಗಳನ್ನು ಹೆದರಿಸಿ ಓಡಿಸಿ, ಅವು ಬಿಟ್ಟುಹೋದ ಹುಳ ತಿನ್ನುವ ಆ ಕಿಲಾಡಿ ಹಕ್ಕಿಯಿಂದ ಒಂದು ಇಡೀ ಕುಲವನ್ನೇ ಹುಟ್ಟಿಸಿದವಳು ನಿವೇತಾ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ವಾರವಿಡೀ ಟೀ ಶರ್ಟಿನ ಚಿತ್ರ ಬರೆದು, ಭಾನುವಾರ ತುಡಿಯಲೂರಿನ ಸೋದರತ್ತೆ, ಪ್ರೇಮನ ತಾಯಿಯ ಮನೆಯ ಮಹಡಿಯಲ್ಲಿ ಕೂತು, ಅವರ ಮದುವೆ, ಬೈಗುಳ, ಸೂತಕ, ಮೋಸದ ವರಸೆಗಳನ್ನೆಲ್ಲ ಅವಳೇ ಕಟ್ಟಿದಳು. ಕುಲದ ಗುಟ್ಟಿನ ಭಾಷೆಗೆ ಮನೆಯ ಕನ್ನಡವನ್ನೇ ಕೊಟ್ಟಳು. ಅಜ್ಜಿ ಮೊಮ್ಮಕ್ಕಳು ಹುಟ್ಟಿದಾಗಿನಿಂದ ತಮ್ಮತಮ್ಮಲ್ಲಿ ಆಡಿದ್ದು ಅದನ್ನೇ. ಆಟವಾಡಲು ಬರುವ ಗೆಳೆಯರಿಗೆ ಅದರ ಒಂದಕ್ಷರವೂ ತಿಳಿಯದು. ಆಟದ ಪೆಟ್ಟಿಗೆ ಅಚ್ಚಾಗುವ ಹೊತ್ತಿಗೆ ನಿನ್ನ ಹೆಸರನ್ನೇ ಮೊದಲು ಹಾಕುತ್ತೇನೆ ಎಂದಿದ್ದ ಪ್ರೇಮ್. ಈಗ ಅವಳ ಮುಂದೆಯೇ ಪೆಟ್ಟಿಗೆಯಿತ್ತು. ಅದರ ಮೇಲಿದ್ದದ್ದು ಅವನೊಬ್ಬನ ಹೆಸರು.

“ಕರಿಚಾನ್ ಕುಲದವರು ಲೋಕಕ್ಕೆಲ್ಲ ಟೋಪಿ ಹಾಕಬಹುದು,” ಪ್ರೇಮ್ ಮುಂದುವರಿಸಿದ. “ಆದರೆ ಒಂದೇ ಗೂಡಿನವರು ಗೂಡಿನ ಭಾಷೆಯಲ್ಲಿ ಕೇಳಿದರೆ ಸುಳ್ಳಾಡುವಂತಿಲ್ಲ. ಇದು ನಾನು ಹಾಕಿದ ಕಟ್ಟಳೆ. ತೋರಿಸ್ತೀನಿ ನೋಡಿ. ನಾನು ಕುಲದ ಹಿರಿಯ. ನಿವೇತಾ, ನಿಧಿ ಎಲ್ಲಿದೆ ಅಂತ ನನ್ನನ್ನು ಕೇಳು.”

ನಿವೇತಾ ನಿಧಿಯ ಮಾತೆತ್ತಲಿಲ್ಲ. ಬೊಂಬೆಯನ್ನು ಮುಂದಕ್ಕೆ ಸರಿಸಿ, ಕನ್ನಡದಲ್ಲಿ ಕೇಳಿದಳು. “ನಿಜ ಏಳು ಬಾವ, ಈ ಕುಲ ಮಾಡ್ದೋರು ಯಾರು?”

ಪ್ರೇಮನ ಮುಖದ ನಗೆ ಹಾಗೇ ಇತ್ತು. ಕಣ್ಣು ಮಾತ್ರ ಅತ್ತಿತ್ತ ಓಡಿತು.

“ನೀನೇ ಕಣೇ. ನಂಗೆ ಗೊತ್ತಿಲ್ವಾ? ಇಲ್ಲಿ ತಗಾದೆ ಬ್ಯಾಡ, ಮನೆಗೋಗಿ ಮಾತಾಡಾಣ,” ಎಂದು ಅದೇ ಕನ್ನಡದಲ್ಲಿ, ಮಂತ್ರ ಹೇಳುವವನ ದನಿಯಲ್ಲಿ ಹೇಳಿದ. ಆಮೇಲೆ ಎರಡೂ ಕೈ ಎತ್ತಿ ತಮಿಳಿನಲ್ಲಿ ಕೂಗಿದ. “ನಿಧಿ ಆನೈಮಲೈ ಬೆಟ್ಟದ ಬುಡದಲ್ಲಿದೆಯಂತೆ!”

ಚಪ್ಪಾಳೆಯೋ ಚಪ್ಪಾಳೆ. ನಿವೇತಾ ಬಾಯಿ ಬಿಟ್ಟಿದ್ದರೂ ಅವಳ ಮಾತು ಅದರಲ್ಲಿ ಮುಳುಗಿಹೋಗುತ್ತಿತ್ತು. ಎದುರು ಕೂತಿದ್ದ ಸರಣ್ಯಾ ಎಂಬ ಕಾಲೇಜು ಹುಡುಗಿಗೆ ಮಾತ್ರ ಯಾಕೋ ಅನುಮಾನ ಬಂತು. ಮುಂದಿನ ಸಾಲಿನಲ್ಲಿ ಹೊಸ ಸೀರೆ ಉಟ್ಟು ಕೂತಿದ್ದ ಕಮಲಾತಾಳ್ ಕಡೆ ತಿರುಗಿ, “ಪಾಟಿ, ನೀವು ಅವರ ಅಜ್ಜಿಯಲ್ಲವಾ, ನಿಮಗೆ ಆ ಭಾಷೆ ಬರುತ್ತಲ್ಲ? ಅವರು ಹೇಳಿದ್ದು ನಿಜವಾಗಿ ಅದೇನಾ?” ಎಂದು ತಮಿಳಿನಲ್ಲಿ ಕೇಳಿದಳು.

ನಿವೇತಾಳಿಗೆ ಹೋದ ಜೀವ ಬಂದಂತಾಯಿತು. ಅಜ್ಜಿಯ ಕಿವಿ ಎಂಥದು ಅವಳಿಗೆ ಗೊತ್ತು. ಪಕ್ಕದ ಮನೆಯ ಪಿಸುಮಾತನ್ನೂ ಬಿಡುವುದಿಲ್ಲ.

ಅಜ್ಜಿ ಮೊಮ್ಮಗನನ್ನು ನೋಡಿದಳು. ಮೊಮ್ಮಗಳನ್ನು ನೋಡಿದಳು. ಸೆರಗು ಸರಿಮಾಡಿಕೊಂಡು, “ಆಮಾ ಕಣ್ಣು, ಅದೇ ತಾನ್ ಸೊನ್ನಾನ್,” ಎಂದಳು. ಹೌದಮ್ಮಾ, ಅದನ್ನೇ ಹೇಳಿದ.

ಬಾವನ ಮೇಲೆ ಸಿಟ್ಟಾದರೂ ಬಂದಿತ್ತು. ಇದಕ್ಕೆ ಏನು ಬರಬೇಕೆಂದೇ ನಿವೇತಾಳಿಗೆ ತಿಳಿಯಲಿಲ್ಲ. ಜನ ಕಾಫಿಗೆ ಎದ್ದ ಮೇಲೆ ಅಜ್ಜಿಯ ಕುರ್ಚಿಯ ಬಳಿ ಹೋಗಿ ಕುಕ್ಕರಿಸಿದಳು.

“ಅಜ್ಜಿ, ನೀನೂನಾ?”

“ನಾಕು ಜನದ ಮುಂದೆ ಅವ್ನ ಮಾನ ಓಗ್ಬಾರ್ದು ಕಣ್ಣು. ಅವ್ನ ಪೊಳಪ್ಪೇ ಇದ್ರಾಗೈತೆ, ಬ್ಯಾರೆ ಬದುಕು ಏನೈತೆ ಅವ್ನಿಗೆ?” ಕಮಲಾತಾಳ್ ಅವಳ ಕೆನ್ನೆ ಸವರಿದಳು. “ನಿಂಗೇನು, ಇನ್ನೊಂದು ಮಾಡ್ಕತೀಯ. ನಿಂಗೆ ತಲೆ ಐತೆ.”

ಅತ್ತ ಪ್ರೇಮ್ ಯಾರಿಗೋ ಪೆಟ್ಟಿಗೆಯ ಮೇಲೆ ಸಹಿ ಹಾಕಿಕೊಡುತ್ತಿದ್ದ. ನಿವೇತಾ ಕೆನ್ನೆಯ ಮೇಲಿದ್ದ ಕೈಯನ್ನು ಮೆಲ್ಲಗೆ ಇಳಿಸಿ ಅಜ್ಜಿಯ ತೊಡೆಯ ಮೇಲಿಟ್ಟಳು. ಕುರ್ಚಿಯ ಅಡಿ ಸೇರಿದ್ದ ಚಪ್ಪಲಿಗಳನ್ನು ಎಳೆದು, ಅಜ್ಜಿಯ ಕಾಲಿನ ಮುಂದೆ ಜೋಡಿಸಿದಳು. ಎದ್ದು ನಿಂತು, ಬಸ್ಸಿನಲ್ಲಿ ಪಕ್ಕ ಕೂತ ಯಾವುದೋ ಮುದುಕಿಯೊಂದಿಗೆ ಮಾತಾಡುವಷ್ಟೇ ಮರ್ಯಾದೆಯಿಂದ, ಅಜ್ಜಿಯೊಂದಿಗೆ ಎಂದೂ ಆಡದ ತಮಿಳಿನಲ್ಲಿ ಕೇಳಿದಳು.

“ಪೋಲಾಂಗಳಾ, ಪಾಟಿ?” ಹೋಗೋಣವೇ, ಅಜ್ಜಿ?

ಚಪ್ಪಲಿಗೆ ಇಳಿಯುತ್ತಿದ್ದ ಕಮಲಾತಾಳ್ ಕಾಲು ಅಲ್ಲಿಯೇ ನಿಂತಿತು.